ಸವೆಯದ ಮೊಳೆಗಳು

ನಾನು ಕಾಲೇಜಿನಲ್ಲಿ ಓದುತ್ತಿದ್ದ ದಿನಗಳಲ್ಲಿ, ಕರಡು ತಿದ್ದಿಕೊಡುವ ನೆಪ ಮಾಡಿಕೊಂಡು, ನಮ್ಮ ಬೀದಿಯ ತಿರುವಿನಲ್ಲಿದ್ದ ಒಂದು ಸಣ್ಣ ಅಚ್ಚುಕೂಟಕ್ಕೆ ಸಂಜೆಯ ಹೊತ್ತು ಹೋಗಿ ಕುಳಿತುಕೊಳ್ಳುತ್ತಿದ್ದೆ. ಅಲ್ಲಿ ಮೊಳೆ ಜೋಡಿಸುತ್ತಿದ್ದ ವೃದ್ಧರೊಬ್ಬರು, ಎದುರಿಗೆ ಓರೆಯಾಗಿ ನಿಲ್ಲಿಸಿದ್ದ ಕೇಸಿನ ನೂರಾರು ಖಾನೆಗಳ ಕಡೆಗೆ ಕಣ್ಣನ್ನೂ ಹಾಯಿಸದೆ, ಕೋಳಿ ಕಾಳನ್ನು ಹೆಕ್ಕುವಂತೆ ಅಕ್ಷರಗಳನ್ನು ಹೆಕ್ಕಿ ಹೆಕ್ಕಿ ಕೈಯ ಸ್ಟಿಕ್ಕಿನಲ್ಲಿ ಸಾಲುಗೊಳಿಸುತ್ತಿದ್ದುದನ್ನು ನೋಡುವುದೇ ನನಗೊಂದು ವಿನೋದವಾಗಿತ್ತು. ಒಮ್ಮೆ ಹಳಗನ್ನಡ ವ್ಯಾಕರಣಕ್ಕೆ ಸಂಬಂಧಿಸಿದ ಪಠ್ಯವೊಂದು ಅಚ್ಚಿಗೆ ಬಂದಾಗ, ಅವರು ಮೇಜಿನ ಅಡಿಯಿಂದ ತುಕ್ಕು ಹಿಡಿದ ಒಂದು ಬಿಸ್ಕತ್ತಿನ ಡಬ್ಬಿಯನ್ನು ಹೊರಗೆಳೆದು, ಹಳೆಯ ಪಂಚಾಂಗದ ಹಾಳೆಯಲ್ಲಿ ಸುತ್ತಿಟ್ಟಿದ್ದ ಎರಡು ಪೊಟ್ಟಣಗಳನ್ನು ಬಿಚ್ಚಿದರು. ಒಂದರಲ್ಲಿ ಶಕಟರೇಫವೆಂದು ಕರೆಯುವ ಱ. ಮತ್ತೊಂದರಲ್ಲಿ ರಳವೆಂದು ಕರೆಯುವ ೞ. ಅಂಗೈಯಲ್ಲಿ ನಾಲ್ಕು ಮೊಳೆಗಳನ್ನು ಹರವಿ, ದೀಪದ ಕೆಳಗೆ ಹಿಡಿದು, “ನೋಡಪ್ಪಾ, ಅ, ದ, ನ ಎಲ್ಲಾ ದುಡಿದೂ ದುಡಿದೂ ಮೂಗು ಸವೆದುಹೋಗಿವೆ. ಇವಕ್ಕೆ ಕೆಲಸವೇ ಇಲ್ಲ; ಅದಕ್ಕೇ ಇನ್ನೂ ಮದುಮಕ್ಕಳ ಹಾಗಿವೆ,” ಎಂದರು.

ಈ ಮಾತು ಮನಸ್ಸಿನ ಯಾವುದೋ ಮೂಲೆಯಲ್ಲಿ ಬಿದ್ದಿದ್ದು, ಮೊನ್ನೆ ಇದ್ದಕ್ಕಿದ್ದಂತೆ ಎದ್ದು ಬಂದುದಕ್ಕೆ ಕಾರಣ, ಐರ್ಲೆಂಡಿನ ಅವಳಿ ಸಹೋದರರಿಬ್ಬರು ರಚಿಸಿರುವ ಒಂದು ಚಿತ್ರಮಾಲೆ. ಜೇಮ್ಸ್ ಮತ್ತು ಮೈಕೇಲ್ ಫಿಟ್ಜ್‌ಜೆರಾಲ್ಡ್ ಎಂಬ ಇವರು ‘ದಿ ಪ್ರಾಜೆಕ್ಟ್ ಟ್ವಿನ್ಸ್’ ಎಂಬ ಜಂಟಿ ಹೆಸರಿನಲ್ಲಿ ಕೆಲಸ ಮಾಡುವ ವಿನ್ಯಾಸಕಾರರು; ಇಂಗ್ಲಿಷ್ ವರ್ಣಮಾಲೆಯ 26 ಅಕ್ಷರಗಳಿಗೆ ಒಂದೊಂದರಂತೆ, ಈಗ ಯಾರ ಬಾಯಲ್ಲಿಯೂ ಕೇಳಿಬಾರದ 26 ಪದಗಳನ್ನು ನಿಘಂಟಿನ ಕತ್ತಲೆಮೂಲೆಗಳಿಂದ ಆಯ್ದು ತಂದು, ಒಂದೊಂದಕ್ಕೂ ಒಂದು ಚಿತ್ರಪತ್ರವನ್ನು, ಎಂದರೆ ಪೋಸ್ಟರನ್ನು, ಸಪಾಟಾದ ಕೆಲವೇ ಬಣ್ಣಗಳಲ್ಲಿ, ಆದಷ್ಟು ಮಿತವಾದ ಗೆರೆಗಳಲ್ಲಿ ಬರೆದಿದ್ದಾರೆ. ಮಕ್ಕಳ ಅಕ್ಷರಮಾಲೆಯ ಪುಸ್ತಕದಲ್ಲಿ ‘ಅ’ಗೆ ಅರಸ, ‘ಆ’ಗೆ ಆನೆ ಎಂದು ಚಿತ್ರ ಹಾಕುವ ಕ್ರಮವೇ ಇಲ್ಲಿಯದೂ ಹೌದು, ವ್ಯತ್ಯಾಸವಿಷ್ಟೆ: ಇಲ್ಲಿ ಪದವನ್ನು ದೊಡ್ಡವರೂ ಅರಿಯರು. ಮೊದಲಕ್ಷರಕ್ಕೆ ‘ಅಸರ್ಸಿಕಾಮಿಕ್’, ಹುಟ್ಟಿದಾರಭ್ಯ ಕೂದಲನ್ನೇ ಕತ್ತರಿಸದವನು; ಮಧ್ಯದಲ್ಲಿ ‘ಮಾಂಟಿವೇಗಂಟ್’, ಬೆಟ್ಟಗುಡ್ಡಗಳಲ್ಲಿ ಅಲೆಯುವವನು; ‘ಪೊಗೊನಾಟ್ರೊಫಿ’ ಎಂದರೆ ಗಡ್ಡವನ್ನು ಸಾಕಿ ಬೆಳೆಸುವ ವ್ರತ; ‘ಸ್ಕ್ರಿಪ್ಚೂರಿಯಂಟ್’ ಎಂದರೆ ಬರೆಯದೆ ಇರಲಾರೆನೆಂಬ ತೀವ್ರವಾದ ತೀಟೆಯುಳ್ಳವನು (ನಮ್ಮ ನಾಡಿನಲ್ಲಿ ಈ ಪದಕ್ಕೆ ನಿರುದ್ಯೋಗ ಬರಬಾರದಾಗಿತ್ತು); ಕಡೆಯಲ್ಲಿ ‘ಜುಗ್‌ಜ್ವಾಂಗ್’, ಚದುರಂಗದಲ್ಲಿ ಯಾವ ಕಾಯನ್ನು ನಡೆಸಿದರೂ ಕೇಡಾಗುವಂತಿದ್ದು, ಆದರೂ ನಡೆಸಲೇಬೇಕಾದ ಇಕ್ಕಟ್ಟು. ಇಟಲಿಯಿಂದ ಬಂದ ‘ಯೆಟ್ಟಟೂರ’ ಎಂಬ ಪದವೂ ಅಲ್ಲಿದೆ. ಅದರ ಅರ್ಥ ಕೆಟ್ಟ ಕಣ್ಣು ತಾಗಿಸುವುದು. ನಮ್ಮ ಅಜ್ಜಿಯರಾದರೆ ಅದನ್ನೋದಿದ ಕೂಡಲೆ ಉಪ್ಪು, ಮೆಣಸಿನಕಾಯಿ ತರಹೇಳುತ್ತಿದ್ದರು.

ಇಂಗ್ಲಿಷಿನಂಥ ವ್ಯವಹಾರಚತುರವಾದ ಭಾಷೆಯ ಅಟ್ಟದ ಮೇಲೆ ಇಷ್ಟೊಂದು ಕೆಲಸಕ್ಕೆ ಬಾರದ ಸಾಮಾನು ಹೇಗೆ ಸೇರಿತೆಂಬುದು ಕುತೂಹಲದ ಪ್ರಶ್ನೆ. ಹದಿನಾರನೆಯ ಶತಮಾನದ ವಿದ್ವಾಂಸರು, ತಮ್ಮ ತಾಯ್ನುಡಿ ಬಡವೆಂಬ ಸಂಕೋಚದಿಂದ, ಲ್ಯಾಟಿನ್ ಗ್ರೀಕ್‌ಗಳಿಂದ ಸಾವಿರಗಟ್ಟಲೆ ಪದಗಳನ್ನು ಕಡ ತಂದು, ಬಾಲ ಕತ್ತರಿಸಿ, ಇಂಗ್ಲಿಷಿನ ಅಂಗಿ ತೊಡಿಸಿದರು. ಮಸಿಯನ್ನು ಕೊಂಬಿನಲ್ಲಿ ತುಂಬಿಡುತ್ತಿದ್ದ ಕಾಲವಾದುದರಿಂದ ಇಂಥವನ್ನು ‘ಮಸಿಗೊಂಬಿನ ಮಾತು’ಗಳೆಂದು ಹಾಸ್ಯ ಮಾಡುವವರೂ ಆಗಲೇ ಹುಟ್ಟಿಕೊಂಡರು, 1553ರಲ್ಲಿ ತಾಮಸ್ ವಿಲ್ಸನ್ ಎಂಬ ಪಂಡಿತನು ಅಲಂಕಾರಶಾಸ್ತ್ರದ ತನ್ನ ಗ್ರಂಥದಲ್ಲಿ ಇದನ್ನು ಕಟುವಾಗಿಯೇ ಖಂಡಿಸಿದ್ದಾನೆ. ಹನ್ನೆರಡನೆಯ ಶತಮಾನದಲ್ಲಿ ನಮ್ಮ ನಯಸೇನನು, ಕನ್ನಡದಲ್ಲಿ ಸಂಸ್ಕೃತವನ್ನು ಬೆರಸುವುದು ತುಪ್ಪದಲ್ಲಿ ಎಣ್ಣೆ ಬೆರಸಿದಂತೆಂದು ಆಕ್ಷೇಪಿಸಿದುದು ವಾಚಕರಿಗೆ ನೆನಪಾಗಬಹುದು. ಈ ಲೇಖನದ ಶೈಲಿಯನ್ನು ಕಂಡು ಆ ಮಾತನ್ನು ನನ್ನ ಕಡೆಗೇ ತಿರುಗಿಸಬಾರದೆಂದು ಮಾತ್ರ ಬಿನ್ನಹ.

ಹೀಗೆ ಬಂದು ಸೇರಿದ ಪದಗಳಿಗೆ ಅರ್ಥ ಹೇಳುವುದಕ್ಕಾಗಿಯೇ ಇಂಗ್ಲಿಷಿನ ಮೊದಲ ನಿಘಂಟುಗಳು ಹುಟ್ಟಿದುವೆಂಬುದನ್ನು ನಾವು ಮರೆಯುತ್ತೇವೆ. 1604ರಲ್ಲಿ ರಾಬರ್ಟ್ ಕಾಡ್ರಿ ಪ್ರಕಟಿಸಿದ ಪುಟ್ಟ ಪುಸ್ತಕದಲ್ಲಿ ಇದ್ದುದು ಸುಮಾರು 2,500 ‘ಕಠಿಣ ಪದ’ಗಳೇ; ನೀರು, ಮನೆ, ಹಸು ಎಂಬುವಕ್ಕೆ ಅರ್ಥ ಬೇಕೆಂದು ಆತನಿಗೆ ಹೊಳೆದಂತಿಲ್ಲ. 1623ರ ಹೆನ್ರಿ ಕಾಕರಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ನಿಘಂಟಿನ ಎರಡನೆಯ ಭಾಗದಲ್ಲಿ, ಸಾದಾ ಮಾತನ್ನು ಹುಡುಕಿದರೆ ಅದಕ್ಕೆ ತಕ್ಕ ಘನವಾದ ಮಾತು ದೊರೆಯುವಂತೆ ಏರ್ಪಾಟು ಮಾಡಿದ. ಎಂದೂ ಕ್ಷೌರ ಕಾಣದ ನಮ್ಮ ಅಸರ್ಸಿಕಾಮಿಕ್ ಮಹಾಶಯನು ಇಂಗ್ಲಿಷಿನಲ್ಲಿ ಕಾಣಿಸಿಕೊಂಡುದು ಇಂಥ ಪುಟಗಳಲ್ಲಿಯೇ ಹೊರತು, ಬೀದಿಯಲ್ಲಿಯಾಗಲಿ ಸಂತೆಯಲ್ಲಿಯಾಗಲಿ ಆತನನ್ನು ಕಂಡವರು ವಿರಳ.

ಆದರೆ ಅಪರೂಪದ ಪದಗಳ ಮಹಾಭಂಡಾರವೆಂದರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟೇ ಸರಿ. ಅದರ ಸಂಪಾದಕನಾದ ಜೇಮ್ಸ್ ಮರ್ರಿ, ತಗಡಿನ ಒಂದು ಶೆಡ್ಡಿನಲ್ಲಿ ಗೋಡೆಯುದ್ದಕ್ಕೂ ಪಾರಿವಾಳದ ಗೂಡುಗಳಂಥ ಖಾನೆಗಳನ್ನು ಹೊಡೆಸಿ, 1879ರಲ್ಲಿ ಇಂಗ್ಲಿಷ್ ಓದುವ ಲೋಕಕ್ಕೆಲ್ಲ ಒಂದು ಮನವಿಯನ್ನು ಕಳುಹಿಸಿದ: ನೀವು ಓದಿದ ಪುಸ್ತಕದಲ್ಲಿ ಕಂಡ ಪದಪ್ರಯೋಗಗಳನ್ನು ಚೀಟಿಯಲ್ಲಿ ಬರೆದು ಕಳುಹಿಸಿ, ಎಂದು. ಚೀಟಿಗಳೇನೋ ಲಕ್ಷಗಟ್ಟಲೆ ಬಂದುವು. ಆದರೆ ಮರ್ರಿ ಗೋಳಾಡಿದ ಒಂದು ಸಂಗತಿಯುಂಟು. ‘ಅಬ್ಯೂಸ್’ ಎಂಬ ನಿತ್ಯಬಳಕೆಯ ಪದಕ್ಕೆ ಐದು ಉದಾಹರಣೆಗಳೂ ಇಲ್ಲ. ಅದರ ಸತ್ತುಹೋದ ದಾಯಾದಿಯಾದ ‘ಅಬ್ಯೂಷನ್’ ಎಂಬುದಕ್ಕೆ ಸುಮಾರು ಐವತ್ತು! ಓದುಗರ ಕಣ್ಣು ವಿಚಿತ್ರವಾದುದರ ಮೇಲೆ ನಿಲ್ಲುತ್ತದೆ, ನಿತ್ಯವಾದುದರ ಮೇಲೆ ಜಾರಿಹೋಗುತ್ತದೆ. 1884ರಲ್ಲಿ ಮೊದಲ ಸಂಚಿಕೆ ಹೊರಬಿದ್ದು, 1915ರಲ್ಲಿ ಮರ್ರಿ ತೀರಿಕೊಂಡು, 1928ರಲ್ಲಿ ಕೆಲಸ ಮುಗಿಯುವ ವೇಳೆಗೆ, ನಾಲ್ಕು ಲಕ್ಷಕ್ಕೂ ಮಿಕ್ಕ ಪದಗಳು ಅಲ್ಲಿ ಸೇರಿದ್ದುವು.

ಆ ನಿಘಂಟಿನ ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದವರು, ಕೆಲವು ಪದಗಳ ಎಡಪಕ್ಕದಲ್ಲಿ ಒಂದು ಸಣ್ಣ ಗುರುತನ್ನು ಕಂಡಿರುತ್ತಾರೆ. ನೆಟ್ಟಗೆ ನಿಂತ ಗೆರೆ, ಮೇಲ್ಗಡೆ ಅಡ್ಡ ಹಿಡಿ: ಅದು ಕಠಾರಿ. ಮುದ್ರಣಕಾರರ ಭಾಷೆಯಲ್ಲಿಯೂ ಅದಕ್ಕೆ ಕಠಾರಿಯೆಂದೇ ಹೆಸರು. ಈ ಪದ ಬಳಕೆಯಿಂದ ಬಿದ್ದುಹೋಗಿದೆ ಎಂಬುದಕ್ಕೆ ಮರ್ರಿ ಇಟ್ಟ ಸಂಕೇತ ಅದು. ಯುರೋಪಿನ ಪುಸ್ತಕಗಳಲ್ಲಿ ಮನುಷ್ಯರ ಮರಣದ ವರ್ಷದ ಪಕ್ಕದಲ್ಲಿ ಹಾಕುವುದೂ ಅದನ್ನೇ. ಎಂದಮೇಲೆ ಅಪರೂಪದ ಪದಕ್ಕೆ ಮೊತ್ತಮೊದಲು ಚಿತ್ರ ಬರೆದವರು ಇಂದಿನ ಕಲಾವಿದರಲ್ಲ, ಅಂದಿನ ಮೊಳೆ ಜೋಡಿಸುವವರು. ಮತ್ತು ಆ ಚಿತ್ರ ಎಲ್ಲ ಪದಗಳಿಗೂ ಒಂದೇ ಆಗಿತ್ತು.

ಇನ್ನು ಕಲೆಯ ವಿಚಾರಕ್ಕೆ ಬರೋಣ. ಅಕ್ಷರವನ್ನೇ ಚಿತ್ರವಾಗಿಸುವ ಬಯಕೆ ಬಹಳ ಹಳೆಯದು. ಪದ್ಯವನ್ನು ಕಮಲದ ದಳಗಳಲ್ಲಿ, ಖಡ್ಗದ ಅಲಗಿನಲ್ಲಿ, ಮೃದಂಗದ ಹುರಿಗಳಲ್ಲಿ ಹೊಂದಿಸುವ ಪದ್ಮಬಂಧ, ಖಡ್ಗಬಂಧ, ಮುರಜಬಂಧಗಳನ್ನು ನಮ್ಮ ಕವಿಗಳು ಬಲ್ಲರು. ಕಾವ್ಯಪ್ರಕಾಶದ ಮಮ್ಮಟನು ಚಿತ್ರಕಾವ್ಯವನ್ನು ಕಡೆಯ ಪಂಕ್ತಿಯಲ್ಲಿ ಕೂರಿಸಿದನೆಂಬುದು ಬೇರೆ ಮಾತು. ಇಂಗ್ಲಿಷಿನಲ್ಲಿ ಜಾರ್ಜ್ ಹರ್ಬರ್ಟನ ರೆಕ್ಕೆಯಾಕಾರದ ಪದ್ಯ ಅಚ್ಚಾದುದು 1633ರಲ್ಲಿ. ಫ್ರಾನ್ಸಿನ ಅಪೊಲಿನೇರ್ ತನ್ನ ‘ಕ್ಯಾಲಿಗ್ರಾಮ್ಸ್’ ಹೊರತಂದುದು 1918ರಲ್ಲಿ. ಇವೆಲ್ಲ ಇಡಿಯ ಪದ್ಯದ ಆಟ. ಒಂದೇ ಪದವನ್ನು ಹಿಡಿದು ಅದರೊಳಗಿನ ಅಕ್ಷರಗಳಿಂದಲೇ ಅದರ ಅರ್ಥವನ್ನು ನಟನೆ ಮಾಡಿಸುವ ವಿದ್ಯೆಗೆ ಪ್ರೌಢಿಮೆ ಬಂದುದು ಅಮೆರಿಕದಲ್ಲಿ, ಕಳೆದ ಶತಮಾನದ ನಡುವಿನಲ್ಲಿ. ರಾಬರ್ಟ್ ಬ್ರೌನ್‌ಜಾನ್, ಐವನ್ ಚೆರ್ಮಯೆಫ್, ಟಾಮ್ ಗೈಸ್ಮರ್ ಎಂಬ ಮೂವರು ‘ಪದಗಳ ಚಲನೆಯನ್ನು ನೋಡುವುದು’ ಎಂಬರ್ಥದ ಹೆಸರಿನಲ್ಲಿ ಒಂದು ಕಿರುಹೊತ್ತಗೆ ಮಾಡಿದರು. ಯಾವ ಅಲಂಕಾರವೂ ಇಲ್ಲದ ಸಾದಾ ಅಕ್ಷರ; ಕಳೆಯುವುದು ಎಂಬರ್ಥದ ಇಂಗ್ಲಿಷ್ ಪದದಲ್ಲಿ ಒಂದಕ್ಷರವನ್ನು ಕಳೆದಿದ್ದಾರೆ, ಕೂಡುವುದು ಎಂಬುದರಲ್ಲಿ ಒಂದಕ್ಷರವನ್ನು ಕೂಡಿದ್ದಾರೆ, ಅಷ್ಟೇ ಚಮತ್ಕಾರ. ಹರ್ಬ್ ಲುಬಾಲಿನ್ ಎಂಬ ಮತ್ತೊಬ್ಬ ವಿನ್ಯಾಸಕಾರನು 1965ರಲ್ಲಿ ‘ತಾಯಿ ಮತ್ತು ಮಗು’ ಎಂಬ ಒಂದು ಪತ್ರಿಕೆಯ ಹೆಸರನ್ನು ಬರೆದಾಗ, ತಾಯಿ ಎಂಬ ಇಂಗ್ಲಿಷ್ ಪದದೊಳಗಿನ ದುಂಡಾದ ‘ಓ’ ಅಕ್ಷರದ ಹೊಟ್ಟೆಯಲ್ಲಿ, ‘ಮತ್ತು’ ಎಂಬುದರ ಸುರುಳಿಗುರುತನ್ನೂ ಮಗು ಎಂಬ ಪದವನ್ನೂ ಮುದುರಿ ಮಲಗಿಸಿದ. ಪತ್ರಿಕೆ ಹೊರಬರಲೇ ಇಲ್ಲ, ಹೆಸರು ಉಳಿಯಿತು.

ಈ ಉದಾಹರಣೆಗಳಿಗೂ ಐರಿಷ್ ಸಹೋದರರ ಚಿತ್ರಮಾಲೆಗೂ ಒಂದು ಮೂಲಭೂತವಾದ ಭೇದವಿದೆ. ತಾಯಿ ಎಂಬ ಪದ ಓದುಗನಿಗೆ ಮೊದಲೇ ಗೊತ್ತು. ಗೊತ್ತಿರುವುದರಿಂದಲೇ ‘ಓ’ ಅಕ್ಷರದೊಳಗಿನ ಮಗುವನ್ನು ಕಂಡಾಗ, ಪರಿಚಿತರೊಬ್ಬರು ಹೊಸ ಉಡುಪಿನಲ್ಲಿ ಎದುರಾದಂತೆ, ಮೊಗದಲ್ಲಿ ನಗು ಮೂಡುತ್ತದೆ. ಆದರೆ ‘ಕ್ವಾಕರ್‌ವಾಡ್ಜರ್’ ಎಂಬ ಪದವನ್ನು ಎದುರಿಗಿಟ್ಟು ಅದರ ಅಕ್ಷರಗಳನ್ನು ಎಷ್ಟು ಕುಣಿಸಿದರೂ, ಕುಣಿಯುತ್ತಿರುವುದು ಏತಕ್ಕೆಂದು ಓದುಗನಿಗೆ ತಿಳಿಯದು. ಆದುದರಿಂದ ಇಲ್ಲಿ ಕಲಾವಿದನಿಗೆ ಮೂರು ವಸ್ತುಗಳು ಬೇಕು: ಪದ, ಚಿತ್ರ, ಅರ್ಥವನ್ನು ಹೇಳುವ ಒಂದು ಸಣ್ಣ ಸಾಲು. ಕಣ್ಣು ಮೊದಲು ಯಾವುದರ ಮೇಲೆ ಬೀಳಬೇಕು, ಆಮೇಲೆ ಯಾವುದರ ಮೇಲೆ, ಎಂಬ ಕ್ರಮವನ್ನು ಗೊತ್ತುಮಾಡುವುದರಲ್ಲಿಯೇ ಅವನ ಜಾಣ್ಮೆಯೆಲ್ಲ ಅಡಗಿದೆ. ಅರ್ಥದ ಸಾಲು ಮೊದಲು ಕಂಡರೆ ಚಿತ್ರ ಪಾಠಪುಸ್ತಕದ ಚಿತ್ರವಾಗುತ್ತದೆ. ಚಿತ್ರ ಮೊದಲು ಕಂಡು, ಪದ ಅದಕ್ಕೆ ಒಗಟಿನಂತೆ ತಗುಲಿಕೊಂಡು, ‘ಏನಿರಬಹುದು?’ ಎಂದು ಮನಸ್ಸು ಒಂದು ಕ್ಷಣ ತಡಕಾಡಿ, ಕಟ್ಟಕಡೆಗೆ ಕೆಳಗಿನ ಸಣ್ಣ ಸಾಲಿನಲ್ಲಿ ಒಗಟು ಒಡೆದರೆ, ಆಗ ಅಪರಿಚಿತನ ಗುರುತಾಗುವ ಸುಖ. ನಾನು ಇಂಥ ಚಿತ್ರ ನೋಡುವಾಗ ಕೆಳಗಿನ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿಕೊಳ್ಳುತ್ತೇನೆ. ಬೆರಳೆತ್ತುವ ಮೊದಲೇ ಅರ್ಥ ಪೂರ್ತಿ ತಿಳಿದರೂ ಚಿತ್ರ ಸೋತಂತೆ, ಬೆರಳೆತ್ತಿದ ಮೇಲೂ ತಿಳಿಯದಿದ್ದರೂ ಸೋತಂತೆ.

ಕ್ವಾಕರ್‌ವಾಡ್ಜರ್ ಎಂದರೆ ದಾರವೆಳೆದರೆ ಕೈಕಾಲು ಒದರುವ ಮರದ ಗೊಂಬೆ. ಜಾನ್ ಕ್ಯಾಮ್ಡನ್ ಹಾಟನ್ ಎಂಬಾತ 1859ರಲ್ಲಿ ಮೊದಲು ಪ್ರಕಟಿಸಿ, ಮುಂದೆ ಬೆಳೆಸಿಕೊಂಡು ಹೋದ ಬೀದಿಮಾತುಗಳ ನಿಘಂಟಿನಿಂದ ಈ ಪದ ಪ್ರಸಿದ್ಧವಾಯಿತು. ಬೇರೊಬ್ಬರು ದಾರವೆಳೆದಂತೆ ಆಡುವ ರಾಜಕಾರಣಿಯನ್ನು ಮೂದಲಿಸಲು ಸ್ವಲ್ಪ ಕಾಲ ಅದು ಬಳಕೆಯಲ್ಲಿದ್ದು, ಆಮೇಲೆ ಮರೆಯಾಯಿತು. ಮೂದಲಿಕೆಗೆ ಪಾತ್ರರಾದವರು ಮರೆಯಾಗದೆ ಪದ ಮಾತ್ರ ಮರೆಯಾದುದು ವಿಪರ್ಯಾಸ. ಈ ಪದದ ರೂಪವನ್ನು ಗಮನಿಸಿ: ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬರೆದರೆ ಹದಿಮೂರು ಅಕ್ಷರಗಳು, ‘ಕ್ಯೂ’ ಮತ್ತು ‘ಜಿ’ ಕೆಳಗೆ ಕಾಲು ಬಿಟ್ಟಿವೆ, ‘ಕೆ’ ಮತ್ತು ‘ಡಿ’ ಮೇಲೆ ತೋಳೆತ್ತಿವೆ, ಮಧ್ಯೆ ಎರಡು ‘ಓ’ಗಳು ದುಂಡಗೆ ಕಣ್ಣು ಬಿಟ್ಟುಕೊಂಡಿವೆ. ಕಲಾವಿದ ಕೈಯಿಡುವ ಮೊದಲೇ ಪದ ತಾನೇ ಗೊಂಬೆಯಾಗಿ ತೂಗುಬಿದ್ದಿದೆ. ಇಂಥ ಪದ ದೊರೆತವನು ಹೆಚ್ಚು ಕೆಲಸ ಮಾಡಬಾರದು.

ಎಲ್ಲ ಪದಗಳೂ ಇಷ್ಟು ಉದಾರಿಗಳಲ್ಲ. ‘ಅಲ್ಟ್ರಾಕ್ರೆಪಿಡೇರಿಯನ್’ ಎಂಬ ಹದಿನಾರು ಅಕ್ಷರಗಳ ಮೆರವಣಿಗೆಯಲ್ಲಿ ಕಣ್ಣಿಗೆ ಕಾಣುವುದೇನೂ ಇಲ್ಲ. ಅದರ ಸ್ವಾರಸ್ಯವೆಲ್ಲ ಕಥೆಯಲ್ಲಿದೆ. ರೋಮಿನ ಪ್ಲಿನಿ ಹೇಳುವಂತೆ, ಅಪೆಲೆಸ್ ಎಂಬ ಗ್ರೀಕ್ ಚಿತ್ರಕಾರನು ತಾನು ಬರೆದ ಚಿತ್ರವನ್ನು ಬೀದಿಗಿಟ್ಟು, ಅದರ ಹಿಂದೆ ಅಡಗಿ ಕುಳಿತು, ದಾರಿಹೋಕರ ಮಾತನ್ನು ಕೇಳುತ್ತಿದ್ದನಂತೆ. ಮೋಚಿಯೊಬ್ಬನು ಕೆರದ ಪಟ್ಟಿಯಲ್ಲಿ ಒಂದು ತಪ್ಪು ತೋರಿಸಿದ. ಅಪೆಲೆಸ್ ರಾತ್ರಿ ತಿದ್ದಿದ. ಮರುದಿನ ತನ್ನ ಮಾತು ನಡೆದುದನ್ನು ಕಂಡು ಉಬ್ಬಿದ ಮೋಚಿ, ಕಾಲಿನ ಆಕಾರಕ್ಕೂ ಕೊಂಕು ತೆಗೆದ. ಆಗ ಚಿತ್ರದ ಹಿಂದಿನಿಂದ ಅಪೆಲೆಸ್ ತಲೆ ಹೊರಹಾಕಿ, ಮೋಚಿಯಾದವನು ಕೆರವನ್ನು ದಾಟಿ ಮೇಲಕ್ಕೆ ತೀರ್ಪು ಹೇಳಬಾರದೆಂದನಂತೆ. ಆ ‘ಕೆರವನ್ನು ದಾಟಿ’ ಎಂಬ ಲ್ಯಾಟಿನ್ ಮಾತಿನಿಂದ, ತನಗೆ ತಿಳಿಯದ ವಿಷಯದಲ್ಲಿ ತೀರ್ಪು ಕೊಡುವವನೆಂಬ ಅರ್ಥದಲ್ಲಿ ಈ ಪದ ಹುಟ್ಟಿತು. 1819ರಲ್ಲಿ ವಿಲಿಯಂ ಹ್ಯಾಜ್ಲಿಟ್ ಎಂಬ ಲೇಖಕ ಇದನ್ನು ವಿಲಿಯಂ ಗಿಫರ್ಡ್ ಎಂಬ ವಿಮರ್ಶಕನ ಮೇಲೆ ಎಸೆದ. ಗಿಫರ್ಡ್ ಬಾಲ್ಯದಲ್ಲಿ ಮೋಚಿಯೊಬ್ಬನ ಬಳಿ ಕೆಲಸ ಕಲಿಯುತ್ತಿದ್ದವನು! ಬಾಣ ಎಲ್ಲಿ ನೆಟ್ಟಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ; ಅದು ಉದಾತ್ತವಾದ ಬಾಣವೆಂದು ಮಾತ್ರ ನಾನು ಹೇಳಲಾರೆ. ಈ ಪದಕ್ಕೆ ಚಿತ್ರ ಬರೆಯುವವನು ಒಂದು ಕೆರವನ್ನು ಕೆಳಗಡೆ ಚೆನ್ನಾಗಿ ಬರೆದು, ಮೇಲಿನದನ್ನೆಲ್ಲ ಖಾಲಿ ಬಿಟ್ಟರೂ ಸಾಕೆಂದು ನನಗೆ ತೋರುತ್ತದೆ.

ಬರೆಯುವುದಕ್ಕಿಂತ ಹೇಳುವುದು ಸುಲಭವೆಂಬುದು ನನ್ನ ಮೇಲೆಯೇ ರುಜುವಾತಾಯಿತು. ‘ರಿಕಂಬೆಂಟಿಬಸ್’ ಎಂಬ ಪದವೂ ಆ ಚಿತ್ರಮಾಲೆಯಲ್ಲಿದೆ. ಒಂದೇ ಏಟಿಗೆ ನೆಲಕ್ಕೆ ಕೆಡಹುವ ಗುದ್ದು ಎಂದು ಅದರ ಅರ್ಥ. ನಮ್ಮ ಮನೆಗೆ ರಜೆಗೆಂದು ಬಂದಿದ್ದ ತಂಗಿಯ ಮಗಳು ವಿನ್ಯಾಸಶಾಲೆಯಲ್ಲಿ ಓದುತ್ತಾಳೆ. ಅವಳ ಲ್ಯಾಪ್‌ಟಾಪಿನಲ್ಲಿ ಆ ಹದಿಮೂರು ಅಕ್ಷರಗಳನ್ನು ದಪ್ಪಗೆ ಬರೆಯಿಸಿ, ಇಡೀ ಪದವನ್ನು ಅಡ್ಡಲಾಗಿ ಮಲಗಿಸಹೇಳಿದೆ. ನನಗೆ ಅದು ಮಹಾಕಲ್ಪನೆಯೆಂದೇ ತೋರಿತ್ತು. ಅವಳು ತಲೆಯಾಡಿಸಿ, “ಮಾಮ, ಇದು ಏಟು ತಿಂದು ಬಿದ್ದ ಹಾಗಿಲ್ಲ, ಊಟ ಮಾಡಿ ಮಲಗಿದ ಹಾಗಿದೆ,” ಎಂದಳು. ಎಲ್ಲ ಅಕ್ಷರಗಳನ್ನೂ ಮತ್ತೆ ನೆಟ್ಟಗೆ ನಿಲ್ಲಿಸಿದಳು. ಸಾಲಿನಲ್ಲಿ ಹತ್ತನೆಯದಾಗಿ ಬರುವ ‘ಐ’ ಅಕ್ಷರವೊಂದನ್ನು ಮಾತ್ರ ಕೂದಲೆಳೆಯಷ್ಟು ಹಿಂದಕ್ಕೆ ವಾಲಿಸಿ, ಅದರ ತಲೆಯ ಮೇಲಿನ ಚುಕ್ಕಿಯನ್ನು ಕಿತ್ತು, ಹಾಳೆಯ ಬಲತುದಿಗೆ, ನೆಲದ ಗೆರೆಯ ಮೇಲೆ ಉರುಳಿಸಿಬಿಟ್ಟಳು. ಉದುರಿದ ಹಲ್ಲು! ಗುದ್ದಿದವನೂ ಇಲ್ಲ, ಗುದ್ದೂ ಇಲ್ಲ. ಆದರೂ ನಾನು ದವಡೆ ಮುಟ್ಟಿಕೊಂಡೆ. ಬೀಳುವುದನ್ನು ತೋರಿಸಬಾರದು, ಬೀಳುವುದಕ್ಕೆ ಒಂದು ಕ್ಷಣ ಮೊದಲು ನಿಲ್ಲಿಸಬೇಕೆಂಬುದು ಅವರ ಮೇಷ್ಟರು ಹೇಳಿಕೊಟ್ಟ ಪಾಠವಂತೆ.

ಇಷ್ಟಾದ ಮೇಲೂ ನನ್ನ ಮನಸ್ಸಿನಲ್ಲಿ ಒಂದು ಶಂಕೆ ಉಳಿದಿದೆ. ಈ ಚಿತ್ರಗಳಿಂದ ಸತ್ತ ಪದಗಳು ಬದುಕುತ್ತವೆಂದು ಕೆಲವರು ಉತ್ಸಾಹದಿಂದ ಹೇಳುವುದುಂಟು. ನನಗೆ ಹಾಗೆ ತೋರದು. ಚಿತ್ರ ಪದಕ್ಕೆ ಮುಖವನ್ನು ಕೊಡಬಲ್ಲುದು, ನಾಲಗೆಯನ್ನು ಕೊಡಲಾರದು. ಗೋಡೆಗೆ ತೂಗುಹಾಕಿದ ಪೊಗೊನಾಟ್ರೊಫಿಯನ್ನು ಮೆಚ್ಚಿದವನೂ ಕ್ಷೌರಿಕನ ಮುಂದೆ ಕುಳಿತು ಆ ಮಾತನ್ನಾಡುವುದಿಲ್ಲ. ಮುಖ ಮತ್ತು ನಾಲಗೆ ಎರಡನ್ನೂ ಕೂಡಿಸಲು ಹೊರಟ ಒಂದು ಪ್ರಯತ್ನವೆಂದರೆ, 2017ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ‘ದಿ ಲಾಸ್ಟ್ ವರ್ಡ್ಸ್’, ಕಳೆದುಹೋದ ಪದಗಳು, ಎಂಬ ಪುಸ್ತಕ. ಮಕ್ಕಳಿಗಾಗಿ ಇರುವ ಆಕ್ಸ್‌ಫರ್ಡಿನ ಕಿರಿಯ ನಿಘಂಟಿನ 2007ರ ಆವೃತ್ತಿಯಿಂದ ಮಿಂಚುಳ್ಳಿ, ನೀರುನಾಯಿ, ಓಕ್ ಮರದ ಕಾಯಿ ಮೊದಲಾದವುಗಳ ಹೆಸರುಗಳು ಬಿಟ್ಟುಹೋಗಿ, ಕಂಪ್ಯೂಟರ್ ಲೋಕದ ಹೆಸರುಗಳು ಒಳಬಂದುವೆಂಬ ಸುದ್ದಿ ಹಬ್ಬಿ, ಮಾರ್ಗರೆಟ್ ಅಟ್‌ವುಡ್ ಮುಂತಾದ ಲೇಖಕರು 2015ರಲ್ಲಿ ಪ್ರತಿಭಟಿಸಿ ಬಹಿರಂಗಪತ್ರ ಬರೆದರು. ರಾಬರ್ಟ್ ಮ್ಯಾಕ್‌ಫರ್ಲೇನ್ ಎಂಬ ಲೇಖಕ, ಜಾಕಿ ಮಾರಿಸ್ ಎಂಬ ಕಲಾವಿದೆ, ಇಬ್ಬರೂ ಕೂಡಿ ಇಂಥ ಇಪ್ಪತ್ತು ಹೆಸರುಗಳಿಗೆ ಈ ಪುಸ್ತಕವನ್ನು ಕಟ್ಟಿದರು.

ಅದರ ವಿನ್ಯಾಸ ನಿಧಾನವಾಗಿ ನೋಡತಕ್ಕದ್ದು. ಒಂದೊಂದು ಹೆಸರಿಗೂ ಮೂರು ಜೋಡಿಪುಟಗಳು. ಮೊದಲನೆಯದರಲ್ಲಿ ಪ್ರಾಣಿಯಿಲ್ಲ, ಅದು ಇರಬೇಕಾಗಿದ್ದ ಜಾಗ ಮಾತ್ರವಿದೆ, ಮತ್ತು ಆ ಬರಿದಾದ ಹುಲ್ಲು ನೀರುಗಳ ನಡುವೆ ಅಲ್ಲೊಂದು ಇಲ್ಲೊಂದು ಅಕ್ಷರ ಚೆಲ್ಲಿಹೋಗಿದೆ. ಮಗು ಬೆರಳಿಟ್ಟು ಅವನ್ನು ಹೆಕ್ಕಿ ಕೂಡಿಸಿದರೆ ಹೆಸರು ಬರುತ್ತದೆ. ಎರಡನೆಯದರಲ್ಲಿ ಒಂದು ಕಡೆ, ಚಿನ್ನದ ರೇಕಿನ ಹಿನ್ನೆಲೆಯಲ್ಲಿ, ಪ್ರಾಣಿ. ಇನ್ನೊಂದು ಕಡೆ, ಸಾಲುಗಳ ಮೊದಲಕ್ಷರಗಳಲ್ಲಿ ಅದರ ಹೆಸರನ್ನೇ ಹೊತ್ತ ಪದ್ಯ. ಆ ಪದ್ಯವನ್ನು ಲೇಖಕ ಕರೆಯುವುದು ಮಂತ್ರವೆಂದು, ಗಟ್ಟಿಯಾಗಿ ಉಚ್ಚರಿಸಬೇಕು. ಮೂರನೆಯದರಲ್ಲಿ ಪ್ರಾಣಿ ತನ್ನ ಮನೆಗೆ ಮರಳಿ ಬಂದಿದೆ. ಕಳೆದುಹೋದುದನ್ನು ಅಕ್ಷರಗಳ ಚೆಲ್ಲಾಪಿಲ್ಲಿಯಿಂದ ತೋರಿಸಿದ ಆ ಮೊದಲ ಪುಟಗಳಿಗೆ ನಾನು ಐರಿಷ್ ಸಹೋದರರ ಇಪ್ಪತ್ತಾರನ್ನೂ ಬಿಟ್ಟುಕೊಡಲು ಸಿದ್ಧ. ಅಲ್ಲಿ ಪದ ಅಪರೂಪವಾಗಿರುವುದು ಪಂಡಿತರ ಚಪಲದಿಂದಲ್ಲ, ಹೊಳೆದಂಡೆಗೆ ಮಕ್ಕಳು ಹೋಗದಿರುವುದರಿಂದ.

ಕನ್ನಡದಲ್ಲಿ ಇಂಥದನ್ನು ಮಾಡಬಾರದೇಕೆ ಎಂಬ ಪ್ರಶ್ನೆ ಸಹಜವಾಗಿ ಬಂದಿತು. ತಂಗಿಯ ಮಗಳು ಕುಳಿತು ಪ್ರಯತ್ನಿಸಿಯೂ ನೋಡಿದಳು. ತೊಡಕು ಬೇಗನೆ ಗೋಚರವಾಯಿತು: ಇಂಗ್ಲಿಷಿನ ಅಕ್ಷರ ಒಂಟಿಯಾಗಿ ನಿಲ್ಲುವಂಥದು, ಕಿತ್ತು ಎಲ್ಲಿಟ್ಟರೂ ಅದು ಅದೇ. ನಮ್ಮದು ಕೂಡುಕುಟುಂಬ. ಒತ್ತಕ್ಷರವನ್ನು ಎಳೆದು ದೂರವಿಟ್ಟರೆ ಅದು ಯಾರ ಮನೆಯ ಕೂಸೆಂದು ತಿಳಿಯದು. ತಲೆಕಟ್ಟನ್ನು ಹಾರಿಸಿದರೆ ಅಕ್ಷರ ಬೇರೆಯೇ ಆಗಿಬಿಡಬಹುದು. ಆದರೆ ಲಾಭವೂ ಅಲ್ಲಿಯೇ ಉಂಟು. ಒತ್ತು ಕೆಳಗೆ ಜೋತುಬೀಳುತ್ತದೆ, ದೀರ್ಘ ಬಳ್ಳಿಯಂತೆ ಮುಂದಕ್ಕೆ ಚಾಚುತ್ತದೆ. ತೂಗುವುದಕ್ಕೂ ಏರುವುದಕ್ಕೂ ಹಬ್ಬುವುದಕ್ಕೂ ನಮ್ಮ ಲಿಪಿ ಹುಟ್ಟಿನಿಂದಲೇ ಸಿದ್ಧವಾಗಿದೆ.

ಯಾವ ಪದವನ್ನು ಕೊಡಲಿ ಎಂದು ಅವಳು ಕೇಳಿದಾಗ ನನಗೆ ಆ ಬಿಸ್ಕತ್ತಿನ ಡಬ್ಬಿ ಕಣ್ಣೆದುರಿಗೆ ಬಂದಿತು; ಜೊತೆಗೆ ಅಂದು ನಾನು ಮಾಡಿದ ಒಂದು ಅಪರಾಧವೂ. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ. ‘ಬಾೞ್’ ಎಂದರೆ ಬದುಕು. ವೃದ್ಧರು ಪೊಟ್ಟಣ ಬಿಚ್ಚಿ, ಸವೆಯದ ಆ ಮೊಳೆಯನ್ನು ಜಾಗರೂಕತೆಯಿಂದ ಜೋಡಿಸಿ ಕೊಟ್ಟ ಕರಡಿನಲ್ಲಿ, ಅದನ್ನು ಮುದ್ರಣದೋಷವೆಂದು ಭಾವಿಸಿದ ನಾನು, ಕೆಂಪು ಮಸಿಯಲ್ಲಿ ಅಡ್ಡಗೆರೆ ಹೊಡೆದು, ಪಕ್ಕದಲ್ಲಿ ಸಾದಾ ಳಕಾರವನ್ನು ಬರೆದಿದ್ದೆ. ಅವರು ಕನ್ನಡಕವನ್ನು ಹಣೆಗೇರಿಸಿ, “ಬದುಕನ್ನೇ ಕತ್ತಿ ಮಾಡಿಬಿಟ್ಟೆಯಲ್ಲಪ್ಪಾ,” ಎಂದು ನಕ್ಕು, ನನ್ನ ತಿದ್ದುಪಡಿಯನ್ನು ತಿದ್ದಿದರು.

ಕಂಪ್ಯೂಟರಿನ ಕನ್ನಡದಲ್ಲಿ ೞ ಎಲ್ಲೋ ಅಡಗಿ ಕುಳಿತಿತ್ತು. ಹುಡುಕಿ ತೆಗೆಯಲು ಅವಳಿಗೆ ಕಾಲು ಗಂಟೆ ಹಿಡಿಯಿತು. ಹಾಳೆಯ ತುಂಬ ‘ಬಾೞ್’ ಎಂದು ಒಂದೇ ಪದವನ್ನು ಕಪ್ಪಗೆ ಅಚ್ಚುಮಾಡಿ, ಗೋಡೆಗೆ ಅಂಟಿಸಿ, ದೂರ ಸರಿದು ನಿಂತು, “ಚೆನ್ನಾಗಿದೆ ಮಾಮ. ಆದರೆ ಇದನ್ನು ಹೇಗೆ ಅನ್ನೋದು?” ಎಂದಳು. ನಾನು ನಾಲಗೆಯನ್ನು ಹಿಂದಕ್ಕೆ ಮಡಿಸಿ ಎರಡು ಮೂರು ಬಾರಿ ಪ್ರಯತ್ನಿಸಿದೆ. ಗಂಟಲು ಸರಿಮಾಡಿಕೊಳ್ಳುತ್ತಿದ್ದೇನೆಂದು ಅಡಿಗೆಮನೆಯಿಂದ ನೀರು ಬಂದಿತು. ಕೊನೆಗೆ ಎದುರುಮನೆಯ ತಮಿಳು ಅಜ್ಜಿಯನ್ನು ಗೇಟಿನ ಬಳಿ ನಿಲ್ಲಿಸಿಕೊಂಡು, “ಅಮ್ಮಾ, ಒಂದು ಸಲ ಬಾಳೆಹಣ್ಣಿಗೆ ನಿಮ್ಮ ಭಾಷೆಯಲ್ಲಿ ಏನಂತೀರಿ, ಹೇಳಿ,” ಎಂದು ಕೇಳಿದೆವು.

“ವಾೞೈಪ್ಪೞಂ,” ಎಂದರು ಆಕೆ, ಎರಡು ೞಕಾರಗಳನ್ನೂ ನೀರು ಕುಡಿದಷ್ಟು ಸಲೀಸಾಗಿ. ಆಮೇಲೆ, “ಎಷ್ಟು ಬೇಕು?” ಎಂದರು.